ಚಿಕ್ಕು ಗಿಡದಲ್ಲಿ ಖಿರ್ನಿ ಹಣ್ಣು

"ನನಗ ಹುಚ್ಚು ಹಿಡದದೋ ಇಲ್ಲೋ, ಅಷ್ಟು ನೋಡಿ ಹೇಳ್ರಿ ಅಕ್ಕಾರ. ಬ್ಯಾರೆ ಏನೂ ಬ್ಯಾಡ."

ಮಲಾಡಿನ ನಮ್ಮ ಮನೆಯ ಬಾಗಿಲಲ್ಲಿ ನಿಂತು ಆ ಹೆಂಗಸು ಹೀಗೆ ಕೇಳಿದಾಗ ಮುಸರತ ಆಪಾ ಊಟದ ಮೇಜಿನ ಮೇಲೆ ಹಣ್ಣು ಹರವಿಕೊಂಡು ಕುಳಿತಿದ್ದರು. ಬಂದರಿನಲ್ಲಿ ಹೊರದೇಶದ ಹಣ್ಣು, ಬೀಜ, ಸಸಿಗಳನ್ನು ಪರೀಕ್ಷಿಸುವ ಕಚೇರಿಯಲ್ಲಿ ಅವರು ಬಹಳ ವರ್ಷ ಕೆಲಸ ಮಾಡಿದ್ದರು. ನಿವೃತ್ತರಾದ ಮೇಲೆ, ಪೊಲೀಸರ ಹತ್ತಿರ ಒಯ್ಯಲಾಗದ ತಕರಾರುಗಳನ್ನು ಜನ ಅವರ ಹತ್ತಿರ ತರುತ್ತಿದ್ದರು. ನಾನು, ರಂಜನಾ, ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಬಾಂದ್ರಾದ ಆಫೀಸು ಮುಗಿಸಿ ಲೋಕಲ್ ಹಿಡಿದು ಬಂದರೆ ನನಗೆ ಮಾತಾಡಲು ಅವರು, ಅವರಿಗೆ ನಾನು. ಮೂರನೆಯವರು ಯಾರೂ ಇರಲಿಲ್ಲ.

ಹಣ್ಣಿನ ಡಬ್ಬಿಯನ್ನು ಅವರ ಹಳೆಯ ಗೆಳತಿಯೊಬ್ಬಳು ಕೇರಳದ ತೋಟದಿಂದ ಕಳಿಸಿದ್ದಳು. ಕೆಂಪು ತಿರುಳಿನ ಮಾಮಿ ಸಪೋಟೆ, ಬೆಂದ ಮೊಟ್ಟೆಯ ಹಳದಿಯಂತೆ ಪುಡಿಪುಡಿಯಾಗುವ ಮೊಟ್ಟೆಹಣ್ಣು, ಒಳಗೆಲ್ಲ ಚಾಕೊಲೇಟು ಬಣ್ಣದ ಕಪ್ಪು ಸಪೋಟೆ. ಪಕ್ಕದಲ್ಲಿ ನಾನು ತಂದ ನಮ್ಮ ಚಿಕ್ಕು.

"ಹೆಸರು ನೋಡಿ ಬಳಗ ಹೇಳಬ್ಯಾಡ ರಂಜೂ," ಎಂದು ಆಪಾ ಆಗತಾನೆ ನನಗೆ ಹೇಳುತ್ತಿದ್ದರು. "ಚಿಕ್ಕು, ಮಾಮಿ, ಮೊಟ್ಟೆಹಣ್ಣು, ಈ ಮೂರೂ ಒಂದ ಮನೆತನ. ಕಾಯಿ ಇದ್ದಾಗ ತೊಟ್ಟು ಮುರಿದ್ರ ಹಾಲು ಬರತೈತಿ, ಬೀಜ ಮಿರಿಮಿರಿ ಮಿಂಚತೈತಿ. ಖಿರ್ನಿ ಅಂತ ಸಣ್ಣ ಹಳದಿ ಹಣ್ಣು ಬರತೈತಲ್ಲ, ಅದೂ ಇದ ಮನೆತನದ್ದು. ಕಪ್ಪು ಸಪೋಟೆಗೆ ಮಾತ್ರ ಹೆಸರಷ್ಟ. ಅದು ಬೀಡಿ ಎಲಿ ಗಿಡದ ಬಳಗ. ಬಿಳಿ ಸಪೋಟೆ ಅಂತ ಇನ್ನೊಂದೈತಿ, ಅದು ನಿಂಬಿ ಬಳಗ."

ಬಂದವಳ ಹೆಸರು ಇಂದ್ರಾಬಾಯಿ. ಸೇಡಂ ಕಡೆಯವಳು. ಗಂಡ ಧರ್ಮಣ್ಣ ಗೌಂಡಿ. ಅವನು ಕಟ್ಟಿದ ಗೋಡೆಗಳಿಗೆಲ್ಲ ಇಟ್ಟಂಗಿ ಹೊತ್ತವಳು ತಾನೇ ಎಂದಳು. ದಹಿಸರಿನ ಚಾಳ್‌ನಲ್ಲಿ ಒಂದು ಖೋಲಿ, ಮುಂದೆ ಪುಟ್ಟ ಅಂಗಳ, ಅಂಗಳದಲ್ಲಿ ಧರ್ಮಣ್ಣ ನೆಟ್ಟ ಚಿಕ್ಕು ಗಿಡ. ಮಕ್ಕಳಿರಲಿಲ್ಲ. ಮೈದುನನ ಮಗ ಅನಿಲಕುಮಾರನನ್ನು ತಂದು ಸಾಕಿ ಓದಿಸಿದ್ದರು; ಅವನು ಇವಳನ್ನು ಮರಾಠಿ ರೂಢಿಯಂತೆ ಕಾಕೂ ಎನ್ನುತ್ತಿದ್ದ. ಧರ್ಮಣ್ಣ ತೀರಿಕೊಂಡ ಮೇಲೆ ಊರಿನಲ್ಲಿ ಅಕ್ಕ ಲಕ್ವ ಹೊಡೆದು ಮಲಗಿದಳು. ಇಂದ್ರಾಬಾಯಿ ಆರು ವರ್ಷ ಅವಳ ಮಗ್ಗುಲಲ್ಲೇ ಕಳೆದು, ಅವಳನ್ನು ಮಣ್ಣಿಗಿಟ್ಟು ಹೋದ ಮಳೆಗಾಲದಲ್ಲಿ ತಿರುಗಿ ಬಂದಿದ್ದಳು.

"ಈ ಬ್ಯಾಸಗಿಗೆ ಗಿಡ ಹಣ್ಣು ಬಿಟ್ಟದ್ರಿ," ಎಂದು ಸೆರಗಿನ ಗಂಟು ಬಿಚ್ಚಿದಳು. ಬೇವಿನಕಾಯಿಗಿಂತ ತುಸು ದೊಡ್ಡ, ಹಳದಿ ಹಣ್ಣುಗಳು. "ಇದು ಖಿರ್ನಿ. ನನಗೂ ಗೊತ್ತದ. ಆದ್ರ ನಮ್ಮದು ಚಿಕ್ಕು ಗಿಡ. ನಮ್ಮವರಿದ್ದಾಗ ಬುಟ್ಟಿಗಟ್ಟಲೆ ಹರದೀನಿ. ಊರಿಂದ ಬಂದಾಗ ಗಿಡ ಸಣ್ಣದಾಗಿ ಕಂಡಿತ್ತು, ಟೊಂಗಿ ಸವರ್ಯಾರ ಅನಕೊಂಡೆ. ಅನಿಲಗ ಕೇಳಿದ್ರ, ಕಾಕೂ ಅದು ಮೊದಲಿಂದ ಖಿರ್ನಿನೇ ಅಂತಾನ. ನೆರಮನಿ ಶಶಿಕಾಂತಗ ಕೇಳಿದೆ, ಅವನ ಹೆಂಡ್ತಿ ಶುಭಾಂಗಿಗ ಕೇಳಿದೆ. ಮಾರಿ ಬ್ಯಾರೆ ಕಡೆ ಮಾಡಿ ಹೌದು ಖಿರ್ನಿನೇ ಅಂದ್ರು. ಅನಿಲ ಪಾಪ, ರಜಾ ಹಾಕಿ ಡಾಕ್ಟರ ಕಡೆ ಒಯ್ದ. ಮರವಿಗೆ ಗುಳಗಿ ಕೊಟ್ಟಾರ. ಈಗ ನನಗೂ ಅನಸ್ತದ, ಚಿಕ್ಕು ಹರದಿದ್ದು ಕನಸಿನ್ಯಾಗೇನೋ ಅಂತ. ಚಿಕ್ಕು ಸುಳ್ಳಾದ್ರ ನಮ್ಮವರು ಖರೇ ಇದ್ರೋ ಇಲ್ಲೋ?"

ಆಪಾ ಅವಳನ್ನು ಕೂರಿಸಿ ಚಹಾ ಕೊಟ್ಟರು. ಅನಿಲನ ಬಗ್ಗೆ ವಿಚಾರಿಸಿದರು.

"ಹೀರಾ ಅಂಥ ಹುಡುಗ," ಎಂದಳು ಇಂದ್ರಾಬಾಯಿ. ಹೀರಾ ಎಂದರೆ ವಜ್ರ. "ನೀರಿಗೆ ನಾ ನಳದ ತನಕ ಹೋಗಬಾರ್ದು ಅಂತ, ನಾ ಬರೂದ್ರೊಳಗ ಗಿಡದ ಬುಡಕ್ಕ ನೀರಿನ ದೊಡ್ಡ ಡ್ರಮ್ ಇಡಿಸ್ಯಾನ. ಲಗ್ನ ಮಾತ್ರ ನಾ ಇಲ್ಲದಾಗ ಆತು. ಸೋನಾಲಿ ಮನಿಯವ್ರು ಒಪ್ಪಲಿಲ್ಲಂತ, ಕೋರ್ಟಿನಾಗ ಎರಡು ಹಾರ ಹಾಕ್ಕೊಂಡ್ರಂತ. ಬೀಗರು ಇವತ್ತಿಗೂ ನಮ್ಮ ಅಂಗಳ ತುಳದಿಲ್ಲ."

ಮರುದಿನ ಭಾನುವಾರ ನಾವು ದಹಿಸರಿಗೆ ಹೋದೆವು. ಅನಿಲ, ಸೋನಾಲಿ ಬಾಜಾರಕ್ಕೆ ಹೋಗಿದ್ದರು. ಅಂಗಳ ನಾಲ್ಕು ಹೆಜ್ಜೆಯಷ್ಟು; ಶಹಾಬಾದಿ ಫರಶಿ ಕಲ್ಲು ಹಾಸಿತ್ತು. ಮೂಲೆಗಳಲ್ಲಿ ಫರಶಿಗೆ ತೂತು ಹೊಡೆದು ಆಮೇಲೆ ಸಿಮೆಂಟು ತುಂಬಿದ ದುಂಡನೆ ಗುರುತುಗಳಿದ್ದವು. ಅವುಗಳ ನಡುವೆ ಗಿಡ, ಗಿಡಕ್ಕೆ ಆತು ನೀಲಿ ಡ್ರಮ್ಮು. ಆಪಾ ಡ್ರಮ್ಮಿನ ನೀರನ್ನು ಚರಂಡಿಗೆ ಬಿಟ್ಟು, ನನ್ನ ಕೈ ಸೇರಿಸಿಕೊಂಡು ಅದನ್ನು ಪಕ್ಕಕ್ಕೆ ಜರುಗಿಸಿದರು.

ಹಿಂದೆ ಒಂದು ಮೋಟು ಇತ್ತು. ಗರಗಸದಿಂದ ಓರೆಯಾಗಿ ಕೊಯ್ದದ್ದು, ಊಟದ ತಟ್ಟೆಯಷ್ಟು ಅಗಲ. ಈಗಿನ ಗಿಡ ಆ ಮೋಟಿನ ಮಗ್ಗುಲಿಂದ, ನೆಲದ ಹತ್ತಿರ ಚಿಗುರಿ ಎದ್ದಿತ್ತು. ಆಪಾ ಮೊಳಕಾಲೂರಿ ಬಹಳ ಹೊತ್ತು ನೋಡಿದರು. ಆಮೇಲೆ ಮೋಟಿನ ಎತ್ತರದ ಅಂಚಿನಲ್ಲಿ ಕತ್ತಲಲ್ಲೇ ಬೆಳೆದಿದ್ದ ಬೆರಳುದ್ದದ ಒಂದು ಕುಡಿಯಿಂದ ಎಲೆ ಕಿತ್ತು, ಗಿಡದಿಂದ ಇನ್ನೊಂದು ಎಲೆ ಕಿತ್ತು, ಎರಡನ್ನೂ ನನ್ನ ಕೈಗಿಟ್ಟರು. ಕುಡಿಯ ಎಲೆಯ ತುದಿ ಚೂಪು. ಗಿಡದ ಎಲೆಯ ತುದಿ ಯಾರೋ ಚಿವುಟಿದಂತೆ ಒಳಕ್ಕೆ ಬಾಗಿತ್ತು.

ಅಷ್ಟರಲ್ಲಿ ಸಪ್ಪಳ ಕೇಳಿ ಶುಭಾಂಗಿ ಹೊರಗೆ ಬಂದಳು. ಸೊಲ್ಲಾಪುರ ಕಡೆಯವಳು, ಮಾತಿನ ಮನುಷ್ಯಳು. ಆಪಾ ಗಿಡದ ಮಾತೆತ್ತಲಿಲ್ಲ. ಮೊಳಕಾಲು ನೀವಿಕೊಂಡು ನೋವು ಎಂದರು.

"ಅಯ್ಯ, ಸೋನಾಲಿ ಅವ್ವಂದೂ ಹಿಂಗೇರಿ," ಎಂದಳು ಶುಭಾಂಗಿ. "ಕೆಳಗ ಕೂಡಲಿಕ್ಕೇ ಬರಂಗಿಲ್ಲ. ನಮ್ಮನಿ ಖುರ್ಚಿ ತಂದು ಇಲ್ಲೇ ಹಾಕಿದ್ದೆ, ಖುರ್ಚಿ ಮ್ಯಾಲೇ ಊಟ ಮಾಡಿದ್ರು..." ಎಂದವಳು ಥಟ್ಟನೆ ಬಾಯಿ ಮುಚ್ಚಿ ಇಂದ್ರಾಬಾಯಿಯ ಕಡೆ ನೋಡಿದಳು. ಇಂದ್ರಾಬಾಯಿ ಒಳಗೆ ಚಹಾ ಸೋಸುತ್ತಿದ್ದಳು, ಕೇಳಿಸಿರಲಿಲ್ಲ.

ಆಪಾ ನನ್ನ ಕಡೆ ತಿರುಗಿದರು. ತಕರಾರಿನ ಗಂಟು ಬಿಚ್ಚಿದಾಗ ಅವರ ಮುಖದಲ್ಲಿ ಕಾಣುವ ಗೆಲುವು ಆ ದಿನ ಇರಲಿಲ್ಲ.

"ಎಲ್ಲಾರನ್ನೂ ಕರೀ," ಎಂದರು.

ಅನಿಲ ಮತ್ತು ಸೋನಾಲಿ ಚೀಲ ಹಿಡಿದು ಬರುವಷ್ಟರಲ್ಲಿ ಅಂಗಳದಲ್ಲಿ ಶಶಿಕಾಂತ, ಶುಭಾಂಗಿ, ಇಂದ್ರಾಬಾಯಿ ಸೇರಿದ್ದರು. ಜರುಗಿಸಿದ ಡ್ರಮ್ಮನ್ನು ನೋಡಿ ಅನಿಲ ಚೀಲವನ್ನು ಕೆಳಗಿಡುವುದನ್ನೇ ಮರೆತ. ಮೃದು ಮುಖದ, ತೆಳ್ಳನೆಯ ಹುಡುಗ.

"ಇಂದ್ರಾಬಾಯಿ, ನಿಮಗ ಹುಚ್ಚಿಲ್ಲ," ಎಂದು ಆಪಾ ಶುರು ಮಾಡಿದರು. "ಇದು ಚಿಕ್ಕು ಗಿಡನ. ಈ ಕಡೆ ಚಿಕ್ಕು ಸಸಿ ಮಾಡೂದು ಖಿರ್ನಿ ಬೇರಿನ ಮ್ಯಾಲೆ ಚಿಕ್ಕಿನ ಕುಡಿ ಕಸಿ ಕಟ್ಟಿ. ಒಂದ ಮನೆತನ, ಅದಕ್ಕ ಕೂಡಿಕೋತಾವು. ನಿಮ್ಮವರು ತಂದಿದ್ದೂ ಅಂಥ ಸಸಿ. ಮ್ಯಾಲಿನ ಚಿಕ್ಕು ಇರೂತನಕ ಕೆಳಗಿನ ಖಿರ್ನಿ ಸುಮ್ಮನಿರತೈತಿ. ಯಾರೋ ಕಸಿ ಜಾಗಕ್ಕ ಗರಗಸ ಹಾಕಿ ಕೊಯ್ದಾರ. ಚಿಕ್ಕು ಹೋತು, ಬೇರು ತನ್ನ ಹಣ್ಣು ಬಿಟ್ಟತು. ಕೊಯ್ತ ಓರೆಯಾಗಿದ್ದಕ್ಕ ಒಂದು ಅಂಚಿನಾಗ ಚಿಕ್ಕಿನ ಜೀವ ಉಳದೈತಿ. ನೋಡ್ರಿ, ಒಂದ ಮೋಟು, ಎರಡು ಥರದ ಎಲಿ."

ಇಂದ್ರಾಬಾಯಿ ಚೂಪು ತುದಿಯ ಎಲೆಯನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. "ಖರೇ ಇದ್ರು," ಎಂದಳು.

"ನಾ ಕಡಿದಿಲ್ಲರಿ," ಶಶಿಕಾಂತ ನಡುವೆ ಬಾಯಿ ಹಾಕಿದ. "ಬಾವಲಿ ಬರ್ತಾವ ಅಂತ ಜಗಳ ಮಾಡಿದ್ದು ಹೌದು. ಆದ್ರ ಗಿಡಕ್ಕ ಕೈ ಹಚ್ಚಿಲ್ಲ."

"ಗೊತ್ತೈತಿ. ಬಾವಲಿ ಕಾಟಕ್ಕ ಟೊಂಗಿ ಕಡೀತಾರ, ಇಲ್ಲಾ ಗಿಡ ಸಾಯಲಿ ಅಂತ ಬುಡಕ್ಕ ಏನರ ಸುರೀತಾರ. ಇಲ್ಲಿ ಬೇಕಾಗಿದ್ದು ಜಾಗ. ಈ ಸಿಮೆಂಟಿನ ಗುರುತು ನೋಡ್ರಿ. ಇವು ಮಂಟಪದ ಕಂಬ ನಿಂತ ಜಾಗ. ಗಿಡ ನಡುವ ಇತ್ತು. ಮಂಟಪಕ್ಕ ಗಿಡ ಹೋತು. ಈ ಅಂಗಳದಾಗ ಮಂಟಪ ಹಾಕೂವಂಥಾದ್ದು ಏನು ನಡೀತು? ಕೋರ್ಟಿನಾಗ ಲಗ್ನ ಆತು, ಬೀಗರು ಇಲ್ಲಿ ಕಾಲಿಟ್ಟಿಲ್ಲ ಅಂತ ಇಂದ್ರಾಬಾಯಿ ಅಂದ್ರು. ಆದ್ರ ಸೋನಾಲಿ ಅವ್ವ ಇಲ್ಲೇ ಖುರ್ಚಿ ಮ್ಯಾಲೆ ಕೂತು ಉಂಡಾರ ಅಂತ ಶುಭಾಂಗಿ ಬಾಯಿಂದ ಬಂತು. ಮೋಟು ಕಾಣದಂಗ ಡ್ರಮ್ ಇಡಿಸಿದಾವ ಯಾರು ಅಂತ ನಾ ಹೇಳಬೇಕಾಗಿಲ್ಲ."

ಸೋನಾಲಿ ಮರಾಠಿಯಲ್ಲಿ, ಗಂಡನನ್ನೇ ನೋಡುತ್ತ ಕೇಳಿದಳು: "ಕಾಕೂಗೆ ಲಗ್ನದ ಸುದ್ದಿ ಗೊತ್ತಿತ್ತಲ್ಲ? ಅಕ್ಕನನ್ನು ಬಿಟ್ಟು ಬರಲಾಗದೆ ಫೋನಿನಲ್ಲೇ ಆಶೀರ್ವಾದ ಮಾಡಿದಳು ಎಂದೆಯಲ್ಲ? ಲಗ್ನ ನೋಡಲಾಗದ್ದಕ್ಕೆ ಅಳುತ್ತಾಳೆ, ಅವಳ ಮುಂದೆ ಆ ಮಾತು ತೆಗೀಬೇಡ ಎಂದೆ."

"ನಮಗೂ ಹಂಗೇ ಹೇಳಿದ," ಎಂದಳು ಶುಭಾಂಗಿ. "ಕಾಕೂ ತಲಿ ಸೂಕ್ಷ್ಮ ಆಗ್ಯದ, ಗಿಡ ಕಡದಿದ್ದು ಕೇಳಿದ್ರ ತಡಕೊಳ್ಳಂಗಿಲ್ಲ, ಖಿರ್ನಿನೇ ಅನ್ರಿ ಅಂದ. ಒಳ್ಳೇದಕ್ಕ ಅಂತ ಅಂದೇವ್ರಿ ಅವ್ವಾ."

ಒಬ್ಬೊಬ್ಬರ ಹತ್ತಿರವೂ ಇದ್ದದ್ದು ಒಂದೊಂದು ತುಂಡು ಕನಿಕರ. ಎಲ್ಲ ಸೇರಿ ಆ ಹೆಂಗಸಿಗೆ ತನ್ನ ಇಡೀ ಸಂಸಾರವೇ ಕನಸು ಎನ್ನಿಸಿಬಿಟ್ಟಿದ್ದವು.

ಅನಿಲ ಚೀಲವನ್ನು ಕೆಳಗಿಟ್ಟ. "ನನ್ನ ಸಾಕಿದ ಕಾಕಾ ಕಾಂಟ್ರಾಕ್ಟರ್ ಇದ್ದ ಅಂತ ಅವರ ಮನಿಯಾಗ ಹೇಳಿದ್ದೆ," ಎಂದ. "ನೀ ಬಂದಿದ್ರ ಮಂದಿ ಮುಂದ, ಇಟ್ಟಂಗಿ ಹೊತ್ತು ಓದಿಸೀನಿ ಅಂತಿದ್ದಿ ಕಾಕೂ. ಅದನ್ನ ನೀ ಅಭಿಮಾನದಿಂದ ಹೇಳ್ತಿ. ನನಗ... ಆಗ ಆಗಲಿಲ್ಲ. ಲಗ್ನಾದ ಮ್ಯಾಲೆ ಹೇಳಬೇಕಂದೆ. ಹೇಳಲಿಕ್ಕಾಗಲಿಲ್ಲ. ಗಿಡ ಯಾಕ ಕಡದಿ ಅಂದ್ರ ಮಂಟಪ ಬರ್ತದ, ಮಂಟಪ ಬಂದ್ರ ಲಗ್ನ ಬರ್ತದ. ನೀ ಒಮ್ಮೆಲೆ ಕೇಳಿದಿ. ಬಾಯಿಗೆ ಬಂದಿದ್ದು ಅಂದೆ."

"ಗುಳಿಗಿನೂ ಬಾಯಿಗೆ ಬಂತೇನಪಾ?" ಆಪಾ ಕೇಳಿದರು.

ಅವನು ತಲೆ ತಗ್ಗಿಸಿದ. ಸೋನಾಲಿ ಒಳಗೆ ಹೋದಳು. ಬಾಗಿಲನ್ನು ಜೋರಾಗಿ ಹಾಕಿಕೊಳ್ಳಲಿಲ್ಲ, ಮೆಲ್ಲಗೆ ಮುಂದೆ ಮಾಡಿಕೊಂಡಳು.

ಇಂದ್ರಾಬಾಯಿ ಬೈಯುತ್ತಾಳೆ, ಅಳುತ್ತಾಳೆ ಎಂದು ನಾನು ಕಾದೆ. ಅವಳು ಶುಭಾಂಗಿಯ ಕಡೆ ತಿರುಗಿ ಕೇಳಿದಳು:

"ಅಡಗಿ ಏನು ಮಾಡಿಸಿದ್ರು?"

ಶುಭಾಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪೂರಿ, ಶ್ರೀಖಂಡ, ಮಸಾಲಿ ಅನ್ನ."

"ಎಲ್ಲಾರಿಗೂ ಮುಟ್ಟಿತ?"

"ಮುಟ್ಟಿತ್ರಿ."

"ಅಕ್ಕಿಕಾಳು ಹಾಕೂವಾಗ ಅವನ ಮಗ್ಗಲಕ್ಕ ಅವ್ವನ ಜಾಗಾದಾಗ ಯಾರು ನಿಂತಿದ್ರು?"

ಶಶಿಕಾಂತ ನೆಲ ನೋಡುತ್ತ ಹೇಳಿದ: "ಯಾರೂ ಇರಲಿಲ್ಲರಿ."

ಇಂದ್ರಾಬಾಯಿ ತಲೆಯಾಡಿಸಿದಳು. ಅನಿಲ ಬಗ್ಗಿ ಅವಳ ಕಾಲು ಮುಟ್ಟಲು ಬಂದಾಗ ಹಿಂದೆ ಸರಿಯಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಬಾಜಾರದ ಚೀಲ ಎತ್ತಿಕೊಂಡು ಕಾಯಿಪಲ್ಲೆ ಬಾಡುತ್ತದೆ ಎಂದಳು.

ನಮ್ಮನ್ನು ಕಳಿಸಲು ಗಲ್ಲಿಯ ತುದಿಯವರೆಗೆ ಬಂದಳು. ಆಟೋಗಳ ಗದ್ದಲದಲ್ಲಿ ಆಪಾ ಅವಳ ಕೈ ಹಿಡಿದು, ಗುಳಿಗೆಯ ವಿಷಯವನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ, ನೀವು ಪೂರಾ ನೆಟ್ಟಗಿದ್ದೀರಿ ಎಂದರು.

"ಹೌದ್ರಿ, ನೆಟ್ಟಗಿದ್ದೀನಿ," ಎಂದಳು ಇಂದ್ರಾಬಾಯಿ. ದೂರು ಹೇಳುವವರ ಹಾಗಲ್ಲದೆ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಳು: "ನಿನ್ನಿ ತನಕ ಹುಚ್ಚಿ ಇದ್ದೆ ಅಕ್ಕಾರ. ಆದ್ರ ನನಗೊಬ್ಬ ಮಗ ಇದ್ದ."

ಇಂದ್ರಾಬಾಯಿ ನಮ್ಮ ಉತ್ತರಕ್ಕೆ ಕಾಯದೆ, ಸೆರಗು ಸರಿಮಾಡಿಕೊಂಡು ಗಲ್ಲಿಯೊಳಗೆ ತಿರುಗಿ ನಡೆದಳು.