ಅಮ್ಮನ ಪವರ್ ಟೇಬಲ್

“ಇದ್ಯಾರ ವಿಷ್ಯ, ಕಣ್ಣು?” ಎಂದು ಅಮ್ಮ ಕೇಳಿದಳು. ಮಗಳನ್ನು ಅವಳು ಮುದ್ದಿನಿಂದ ಕರೆಯುವುದೇ ಕಣ್ಣು ಎಂದು.

ನಿತ್ಯಾಳಿಗೆ ರೇಗಿತು. “ಇನ್ಯಾರಮ್ಮಾ? ನೀನೇ! ‘ಮೈ ಮದರ್’ ಎಸ್ಸೇ ಓದ್ತಾ ಇದ್ದೀನಲ್ಲ!”

“ನಾನಾ? ಸೂಯಿಂಗ್ ಮೆಷಿನ್ ಅಂದ್ಯಲ್ಲ, ಅದೆಂತದು? ನಾ ಕೆಲ್ಸ ಮಾಡೋದು ಪವರ್ ಟೇಬುಲ್‌ನಾಗೆ ಅಲ್ವಾ?”

ನಾಳೆ ಸೋಮವಾರ ಪೇರೆಂಟ್ಸ್ ಮೀಟಿಂಗ್. ಅಲ್ಲಿ ಐದನೇ ಕ್ಲಾಸಿನ ಪರವಾಗಿ ಎಸ್ಸೇ ಓದುವವಳು ನಿತ್ಯಾ. ಅದನ್ನು ಕೇಳಲೆಂದೇ ಅಮ್ಮ ಅರ್ಧ ದಿನ ಲೀವ್ ಹೇಳಿದ್ದಳು.

ನಿತ್ಯಾ ಮೊದಲು ಪವರ್ ಟೇಬಲ್ ಎಂದೇ ಬರೆದಿದ್ದಳು. ಚೆನ್ನೈಯಿಂದ ಹೊಸದಾಗಿ ಬಂದ ಶೋಭನಾ ಮಿಸ್ ಅದಕ್ಕೆ ಕೆಂಪು ಗೆರೆ ಎಳೆದಿದ್ದರು. “ಇಂಗ್ಲಿಷ್‌ನಲ್ಲಿ ಹಾಗೆ ಹೇಳಲ್ಲಮ್ಮ” ಎಂದು ಮೆತ್ತಗೇ ಹೇಳಿದ್ದರು. ಆದರೂ ನಿತ್ಯಾಳಿಗೆ ನಾಚಿಕೆಯಾಗಿತ್ತು. ಕರೆಂಟಿನ ಹೊಲಿಗೆ ಕಾರ್ಖಾನೆಯನ್ನು ಪವರ್ ಟೇಬಲ್ ಎನ್ನುವ ಇಡೀ ತಿರುಪ್ಪೂರೇ ತಪ್ಪು ಇಂಗ್ಲಿಷ್ ಮಾತಾಡುತ್ತದಲ್ಲ!

“ಅದು ಸರಿಯಾದ ಇಂಗ್ಲಿಷ್ ಅಲ್ಲಮ್ಮಾ.”

“ಸರಿ ಕಣ್ಣು. ಮಿಸ್ ಹೇಳಿದ್ರೆ ಸರಿನೇ” ಎಂದು ಅಮ್ಮ ಎದ್ದಳು. ಅವಳ ಮುಖ ಸಣ್ಣಗಾಗಿತ್ತು.

ಅರ್ಜೆಂಟ್ ಆರ್ಡರ್ ಇದ್ದುದರಿಂದ ಅಮ್ಮನಿಗೆ ಆ ಭಾನುವಾರವೂ ಕೆಲಸ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಿತ್ಯಾಳೂ ಜೊತೆಗೆ ಪವರ್ ಟೇಬಲ್‌ಗೆ ಹೋದಳು.

ಉದ್ದನೆಯ ಟೇಬಲ್. ಎರಡೂ ಕಡೆ ಹೊಲಿಗೆ ಮೆಷಿನ್‌ಗಳು. ಸ್ವಿಚ್ ಹಾಕಿದ್ದೇ ತಡ, ಎಲ್ಲ ಗುರ್ರೆಂದವು. ಪಕ್ಕದವರ ಮಾತೂ ಕೇಳಿಸದಷ್ಟು ಗದ್ದಲ.

ಅಮ್ಮ ಟೀ ಶರ್ಟಿನ ತೋಳು ಹೊಲಿಯುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತದೆಯೇ ತಮಿಳಿನಲ್ಲಿ ಕೂಗಿದಳು. “ಆರುಮುಗಂ ಅಣ್ಣಾ, ನಾಲ್ಕನೇ ಓವರ್ಲಾಕ್ ಮೆಷಿನ್ ನಿಲ್ಸಿ! ಸೂಜಿ ಮೊಂಡಾಗಿದೆ!”

ಸೂಪರ್‌ವೈಸರ್ ಆರುಮುಗಂ ಓಡಿ ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದರು. ಹೊಲಿಗೆಯ ಉದ್ದಕ್ಕೂ ಸಣ್ಣ ಸಣ್ಣ ತೂತು!

“ಗೋಮತಿ ಇಲ್ದಿದ್ರೆ ಇವತ್ತು ಬಂಡಲ್ ಪೂರಾ ವೇಸ್ಟ್” ಎಂದು ಅಮ್ಮನತ್ತ ಕೈ ತೋರಿಸಿದರು.

“ಹೇಗಮ್ಮಾ ಗೊತ್ತಾಯ್ತು?” ಎಂದು ನಿತ್ಯಾ ಅಮ್ಮನ ಕಿವಿಯ ಬಳಿ ಕೂಗಿದಳು.

“ಸೌಂಡ್ ಬದ್ಲಾಯ್ತಲ್ಲ ಕಣ್ಣು.”

ನಿತ್ಯಾಳಿಗೆ ಯಾವ ಬದಲಾವಣೆಯೂ ಕೇಳಿಸಿರಲಿಲ್ಲ. ಅವಳು ಬಾಯಿ ಬಿಟ್ಟುಕೊಂಡು ಅಮ್ಮನನ್ನೇ ನೋಡಿದಳು. ಎಷ್ಟು ಜಾಣೆ ನನ್ನಮ್ಮ! ಅದೊಂದೂ ಎಸ್ಸೇಯಲ್ಲಿ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನೇರ ಶೋಭನಾ ಮಿಸ್ ಬಳಿ ಹೋದಳು. “ಮಿಸ್, ಪವರ್ ಟೇಬಲ್ ಅಂತಾನೇ ಇರಲಿ, ಪ್ಲೀಸ್.”

“ಅದೇನು ಅಂತ ನನಗೇ ಗೊತ್ತಿಲ್ಲವಲ್ಲ ನಿತ್ಯಾ.”

ನಿತ್ಯಾ ಎರಡೂ ಕೈ ಅಗಲಿಸಿ ಟೇಬಲ್ ತೋರಿಸಿದಳು. ಮೆಷಿನ್‌ಗಳ ಸಾಲು, ಗದ್ದಲ, ಮೊಂಡು ಸೂಜಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮಿಸ್ ಕಣ್ಣರಳಿಸಿ ಕೇಳಿದರು.

“ಚೆನ್ನೈನಲ್ಲಿ ನಾನು ಈ ಮಾತು ಕೇಳೇ ಇಲ್ಲ. ಬರಿ. ಈಗ ಹೇಳಿದೆಯಲ್ಲ, ಅದನ್ನೂ ಬರಿ” ಎಂದು ತಾವೇ ಪೆನ್ನು ಕೊಟ್ಟರು.

ಮಧ್ಯಾಹ್ನ ಹಾಲ್ ತುಂಬಿತ್ತು. ಅಮ್ಮ ಮೂರನೇ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದಳು. ಅರ್ಥವಾಗದ ಇಂಗ್ಲಿಷನ್ನು ಮರ್ಯಾದೆಗೆ ಕೇಳುತ್ತಿದ್ದಳು.

“ಮೈ ಮದರ್ ವರ್ಕ್ಸ್ ಇನ್ ಎ...” ನಿತ್ಯಾ ಅಮ್ಮನ ಕಡೆ ನೋಡಿದಳು. ಆಮೇಲೆ ಅಮ್ಮ ಹೇಳುವ ಹಾಗೆಯೇ ಹೇಳಿದಳು. “ಪವರ್ ಟೇಬುಲ್.”

ಅಮ್ಮ ತಟ್ಟನೆ ತಲೆ ಎತ್ತಿದಳು. ಅವಳೊಬ್ಬಳೇ ಅಲ್ಲ. ಹಿಂದಿನ ಸಾಲಿನ ಪಾಪಾತಿ ಅಕ್ಕ, ಅವರ ಪಕ್ಕದವರು, ಬಾಗಿಲ ಬಳಿ ನಿಂತಿದ್ದವರು, ಪವರ್ ಟೇಬಲ್‌ಗಳಲ್ಲಿ ದುಡಿಯುವ ಎಷ್ಟೋ ಅಮ್ಮಂದಿರು ನೆಟ್ಟಗಾದರು.

ಎಸ್ಸೇಯ ಮುಂದಿನ ಸಾಲನ್ನು ನಿತ್ಯಾ ಅವರೆಲ್ಲರಿಗೂ ಕೇಳುವಂತೆ, ನಿಧಾನವಾಗಿ, ಗಟ್ಟಿಯಾಗಿ ಓದಿದಳು.