ಹಿಟ್ಟು ಬೀಳದ ನಾಲ್ಕು ಎಕರೆ

ಡ್ರೋನು ಮರಗಳ ನೆತ್ತಿಯ ಮೇಲೆ ಗುಂಯ್ಗುಡುತ್ತ ಬಿಳಿ ಹಿಟ್ಟನ್ನು ಉದುರಿಸಿಕೊಂಡು ಹೋಯಿತು. ಫೆಬ್ರವರಿಯ ಬೆಳಗು. ದಿಂಡಿಗ, ಮತ್ತಿ, ಹೊನ್ನೆ, ನೆಲ್ಲಿ ಎಲ್ಲವೂ ಎಲೆ ಕಳಚಿ ಬೋಳಾಗಿ ನಿಂತಿದ್ದವು. ಕೆಳಗೆ ತರಗು, ಅಂದರೆ ಒಣಗಿ ಉದುರಿದ ಎಲೆ, ಪಾದ ಮುಳುಗುವಷ್ಟು ಬಿದ್ದಿತ್ತು. ಮೂರನೆಯ ದಿನ ಅದರ ಮೇಲೆ ತೆಳ್ಳಗೆ ಬೂಷ್ಟು ಕಾಣಿಸಿತು. ಹತ್ತನೆಯ ದಿನ ಎಲೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಇಪ್ಪತ್ತನೆಯ ದಿನ ಎಲೆಯೇ ಇರಲಿಲ್ಲ, ಕಾಫಿ ಪುಡಿಯಂಥ ಕಪ್ಪು ಮಣ್ಣು ನೆಲದ ಮೇಲೆ ಹಾಸಿಕೊಂಡಿತ್ತು. ನೋಡಲು ಬಂದ ಮಂತ್ರಿಗಳು ಅದನ್ನು ಮುಷ್ಟಿಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡರು. ಒಬ್ಬರು ಮೂಸಿಯೂ ನೋಡಿದರು.

ಅದು 2050ರ ಮಾತು. ಹಿಟ್ಟಿನ ಹೆಸರು ‘ಚುರುಕು’. ಅದನ್ನು ಕಂಡುಹಿಡಿದ ಡಾ. ಇಂಚರಾಗೆ ಆಗ ಮೂವತ್ತೆರಡು ವರ್ಷ. ಚಾಮರಾಜನಗರದ ಗಡಿಯ ಗೌಜಲಬೆಟ್ಟ ಮೂವತ್ತು ವರ್ಷಗಳಿಂದ ಮೆಲ್ಲಗೆ ಚೇತರಿಸಿಕೊಳ್ಳುತ್ತಿದ್ದ ಕಾಡು. ಒಂದು ಕಾಲಕ್ಕೆ ಕಡಿದು, ಮೇಯಿಸಿ, ಲಂಟಾನ ಕಳೆಯ ಕೈಗೆ ಒಪ್ಪಿಸಿದ್ದ ಬೆಟ್ಟ ಅದು. ಮತ್ತೆ ಮರವೇನೋ ಎದ್ದಿತ್ತು. ಆದರೆ ಒಣಕಾಡಿನ ಊಟದ ಪದ್ಧತಿಯೇ ಬೇರೆ. ಮರ ಚಳಿಗಾಲದಲ್ಲಿ ಎಲೆ ಕಳಚಿ ಮಲಗುತ್ತದೆ. ಬಿದ್ದ ಎಲೆ ಮಳೆಗಾಗಿ ನಾಲ್ಕು ತಿಂಗಳು ಕಾಯುತ್ತದೆ. ಮೊದಲ ಮಳೆ ಬಿದ್ದಾಗ ಗೆದ್ದಲು, ಹುಳು, ಶಿಲೀಂಧ್ರಗಳು ಎದ್ದು ಎಲೆಯನ್ನು ತಿಂದು ಅದರಲ್ಲಿನ ಸಾರಜನಕ, ರಂಜಕಗಳನ್ನು ಮಣ್ಣಿಗೆ ಬಡಿಸುತ್ತವೆ. ಅದೇ ಹೊತ್ತಿಗೆ ಬೇರೂ ಎಚ್ಚರವಾಗಿ ಉಣ್ಣುತ್ತದೆ. ಈ ನಾಲ್ಕು ತಿಂಗಳಲ್ಲಿ ಯಾರೋ ಒಬ್ಬ ಬೀಡಿ ಎಸೆದರೆ ಮೂವತ್ತು ವರ್ಷದ ಕಾಡು ಒಂದು ಮಧ್ಯಾಹ್ನದಲ್ಲಿ ಬೂದಿ. ಬೆಂಕಿ ತಿನ್ನುವ ಮೊದಲೇ ನಾವು ತಿನ್ನಿಸಿಬಿಟ್ಟರೆ ಹೇಗೆ ಎಂದು ಇಂಚರಾ ಯೋಚಿಸಿದಳು. ಇಬ್ಬನಿಯಷ್ಟನ್ನೇ ಕುಡಿದು ಬದುಕಬಲ್ಲ ಒಂದು ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಕಟ್ಟಿದಳು. ಅದೇ ಚುರುಕು.

ಕಾಡ್ಗಿಚ್ಚು ನಿಂತಿತು. ಹತ್ತು ಜಿಲ್ಲೆಗಳಿಗೆ ಹಿಟ್ಟು ಹೋಯಿತು. ಇಂಚರಾಳ ವರದಿಯ ಮೇಲೆ ಕಾಯ್ದೆಯೂ ಆಯಿತು: ಕಾಡಿನಲ್ಲಿ ಯಾವ ಕಾರಣಕ್ಕೆ ಬೆಂಕಿ ಹಚ್ಚಿದರೂ ಏಳು ವರ್ಷ ಜೈಲು.

ಈಗ 2062. ಮೂರು ವರ್ಷಗಳಿಂದ ಹಿಟ್ಟು ಕೆಲಸ ಮಾಡುತ್ತಿರಲಿಲ್ಲ. ಒಂದೇ ಹೆಪ್ಪಿನಿಂದ ವರ್ಷಗಟ್ಟಲೆ ಮೊಸರು ಮಾಡುತ್ತ ಹೋದರೆ ಹೆಪ್ಪೇ ಸೋಲುವ ಹಾಗೆ ಶಿಲೀಂಧ್ರದ ತಾಯಿತಳಿ ಸೊರಗಿತ್ತು. ಅಷ್ಟೇ ಆಗಿದ್ದರೆ ಕಾಡು ಹಳೆಯ ಪದ್ಧತಿಗೆ ಮರಳಬೇಕಿತ್ತು. ಮರಳಲಿಲ್ಲ. ಪ್ರತಿ ಫೆಬ್ರವರಿಯಲ್ಲೂ ಊಟ ಮಾಯವಾಗುತ್ತಿದ್ದರೆ ಗೆದ್ದಲು ಏನು ತಿಂದೀತು? ಒಂಬತ್ತು ವರ್ಷಗಳಲ್ಲಿ ಹುತ್ತಗಳು ಬರಿದಾಗಿದ್ದವು. ಹಳೆಯ ಬಾಣಸಿಗರು ಹೊರಟುಹೋಗಿದ್ದರು, ಹೊಸಬ ಕಾಯಿಲೆ ಬಿದ್ದಿದ್ದ. ಮೂರು ವರ್ಷದ ತರಗು ಹಾಗೇ ಕೂತು ಮೊಣಕಾಲಿನವರೆಗೆ ಬಂದಿತ್ತು.

ಹೊಸ ತಳಿಯ ಒಂದು ಡಬ್ಬಿ ಹಿಡಿದುಕೊಂಡು ಇಂಚರಾ ಬೆಟ್ಟದ ನಡುವಿನ ಸೋಲಿಗರ ಪೋಡಿಗೆ ಬಂದಿದ್ದಳು. ಮೂವತ್ತೇಳು ಮನೆಗಳ ಹಾಡಿ ಅದು. ಎಪ್ಪತ್ತೆರಡರ ಕೇತಮ್ಮನ ಮನೆಯಲ್ಲಿ ಅವಳ ಬಿಡಾರ. ಬಂದ ನಾಲ್ಕನೆಯ ದಿನ ಸಂಜೆ ನಾಲ್ಕರ ಸುಮಾರಿಗೆ ಪಡುವಣ ಗುಡ್ಡದ ಹಿಂದೆ ಹೊಗೆ ಎದ್ದಿತು.

ಕೇತಮ್ಮ ಹಣೆಗೆ ಕೈಯೊಡ್ಡಿ ನೋಡಿದಳು. “ಮೇಡಮ್ಮ, ನಿನ್ನ ಹಿಟ್ಟು ಬರೋಕ ಮುಂಚ ತರಗು ಪಾದಕ್ಕ ಬತ್ತಿತ್ತು. ಈಗ ಮೊಣಕಾಲ್ಗ ಬಂದದ. ಇವತ್ತು ಅದು ನಮ್ಮನ್ನ ಬುಟ್ಟದ?”

ಇಂಚರಾ ವಾಕಿಟಾಕಿಯಲ್ಲಿ ಅರಣ್ಯಾಧಿಕಾರಿ ನಿಶ್ಚಲ್‌ನನ್ನು ಹಿಡಿದಳು. ಊರಿಗಿದ್ದ ಒಂದೇ ರಸ್ತೆ ಹೊಗೆಯೊಳಗೆ ಸೇರಿಹೋಗಿತ್ತು.

“ಹೆಲಿಕಾಪ್ಟರ್ ಹೇಳಿದೀನಿ ಮೇಡಂ. ಹೊಗೆ ಕಡಿಮೆ ಆದ ತಕ್ಷಣ ಬರುತ್ತೆ.”

“ಹೊಗೆ ಯಾವಾಗ ಕಡಿಮೆ ಆಗುತ್ತೆ?”

“ಬೆಂಕಿ ಆರಿದ ಮೇಲೆ,” ಎಂದ. “ನಾಳೆ ಬೆಳಗ್ಗೆ ಎಂಟು ಒಂಬತ್ತಕ್ಕೆ ಅದು ನಿಮ್ಮ ಹತ್ತಿರ ಬರಬಹುದು. ಅಲ್ಲಿವರೆಗೆ ಅದನ್ನ ತಡೆಯೋಕೆ ಅಂತ ಯಾರೂ ಎದುರಿಂದ ಅಡ್ಡಬೆಂಕಿ ಗಿಡ್ಡಬೆಂಕಿ ಹಚ್ಚೋಕೆ ಹೋಗಬೇಡಿ. ಕಾಯ್ದೆ ನಿಮಗೇ ಗೊತ್ತಲ್ಲ.”

ಗೊತ್ತಿಲ್ಲದೆ ಏನು, ಬರೆದವಳೇ ಅವಳು. ಸುತ್ತ ಮೊಣಕಾಲುದ್ದ ಸೌದೆ ತಾನೇ ಒಟ್ಟಿಸಿ, ಅದರ ನಡುವೆ ತಾನೇ ಬಂದು ಕೂತು, ಕಡ್ಡಿ ಗೀರಬಾರದೆಂದು ತಾನೇ ಕಾನೂನು ಮಾಡಿಸಿದ್ದಳು. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಇಷ್ಟು ಸರಿಯಾಗಿ ಯಾರಿಗೂ ಹೊಂದಿರಲಾರದು. ನೂರಿಪ್ಪತ್ತು ಜನ ಅವಳ ಮುಖವನ್ನೇ ನೋಡುತ್ತಿದ್ದರು.

“ನಿನ್ನ ಬೇಲಿ ಬೀಗದ ಕೈ ತಂದಿದ್ದಿಯ?” ಎಂದಳು ಕೇತಮ್ಮ. “ಎಲ್ರೂ ಅಲ್ಲಿಗ ಹೋಗವ.”

ಪೋಡಿನಿಂದ ಕೂಗಳತೆಯಲ್ಲಿ ಎಂಟಡಿ ತಂತಿಬೇಲಿಯ ನಾಲ್ಕು ಎಕರೆ ಇತ್ತು. ಪ್ರಯೋಗ ಮಾಡುವವರು ಇದಕ್ಕೆ ನಿಯಂತ್ರಣ ತಾಕು ಎನ್ನುತ್ತಾರೆ. ಔಷಧ ಹಾಕಿದ ನೆಲ ಎಷ್ಟು ಸುಧಾರಿಸಿತು ಎಂದು ತಿಳಿಯಬೇಕಾದರೆ ಏನನ್ನೂ ಹಾಕದ, ಯಾರೂ ಮುಟ್ಟದ ಒಂದು ತುಂಡು ಪಕ್ಕದಲ್ಲಿರಬೇಕು. ಹನ್ನೆರಡು ವರ್ಷ ಅಲ್ಲಿ ಹಿಟ್ಟು ಬಿದ್ದಿರಲಿಲ್ಲ. ಬೇಲಿ ಹಾಕಿಸಿದ ಮೇಲೆ ಇಂಚರಾಳೂ ಒಳಗೆ ಕಾಲಿಟ್ಟಿರಲಿಲ್ಲ. ಮಣ್ಣಿನಲ್ಲಿ ಹೂತಿದ್ದ ಉಪಕರಣಗಳು ಅಂಕಿಗಳನ್ನು ಮೈಸೂರಿನ ಪ್ರಯೋಗಾಲಯಕ್ಕೆ ತಾವೇ ಕಳಿಸುತ್ತಿದ್ದವು.

“ಅಲ್ಲಿಗೆ ಬೇಡ ಅಜ್ಜಿ. ಹನ್ನೆರಡು ವರ್ಷದ ತರಗು ಇರುತ್ತೆ. ಮೊದಲು ಹತ್ತಿಕೊಳ್ಳೋದೇ ಅದು.”

“ನೋಡಿದ್ದಿಯ?”

“ನೋಡಬೇಕೇನು? ಗೊತ್ತಿರೋದೇ ಅಲ್ವಾ?”

“ನೋಡ್ದೆ ಮಾತಾಡ್ಬ್ಯಾಡ. ಬಾ,” ಎಂದು ಕೇತಮ್ಮ ಕೋಲೂರಿ ಹೊರಟೇಬಿಟ್ಟಳು.

ಬೀಗ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಗುದ್ದಿದ ಮೇಲೆ ಬಾಗಿಲು ಬಿಟ್ಟಿತು. ಇಂಚರಾ ಒಂದು ಹೆಜ್ಜೆ ಒಳಗಿಟ್ಟು ನಿಂತುಬಿಟ್ಟಳು. ಅಲ್ಲಿ ತರಗೇ ಇರಲಿಲ್ಲ. ಅಲ್ಲಲ್ಲಿ ಒಂದು ಪದರ, ಅದರ ಪಕ್ಕದಲ್ಲಿ ಕಪ್ಪಗೆ ಸುಟ್ಟ ತೇಪೆ, ನಡುನಡುವೆ ಹಸಿರು ಹುಲ್ಲಿನ ಮೊಳಕೆ. ಬಿದ್ದ ಕೊಂಬೆಗಳ ಮೇಲೆ ಗೆದ್ದಲು ಹಸಿ ಮಣ್ಣಿನ ಸುರಂಗ ಕಟ್ಟಿತ್ತು. ಹತ್ತು ಜಿಲ್ಲೆಗಳಲ್ಲಿ ಹುಡುಕಿದರೂ ಸಿಗದ ಗೆದ್ದಲು. ನಡುವಿನ ದಿಂಡಿಗದ ಮರದಡಿ ಅರಿಶಿನ ಬಳಿದ ಕಲ್ಲೊಂದು ಕೂತಿತ್ತು.

“ಯಾರು ಸುಟ್ಟಿದ್ದು?”

“ನಾನೆಯ,” ಎಂದಳು ಕೇತಮ್ಮ. ಮುಖದಲ್ಲಿ ಅಳುಕಿರಲಿಲ್ಲ. “ಅದು ತರಗು ಬೆಂಕಿ. ನಮ್ಮಪ್ಪ, ಅವರಪ್ಪ ಎಲ್ರೂ ಹಾಕ್ತಿದ್ದದ್ದು. ಸಂಕ್ರಾಂತಿ ಕಳದ ಮೇಲ, ನೆಲದಲ್ಲಿ ಇಬ್ಬನಿ ಇರೋವಾಗ ಹಚ್ಬೇಕು. ಆಗ ಬೆಂಕಿ ನೆಲದ ಮೇಲ ನಡೀತದ, ಒಳಕ್ಕ ಇಳಿಯಲ್ಲ. ಹಸಿ ಇದ್ದ ಕಡ ತಾನಾಗೇ ಬುಟ್ಟು ಹೋಯ್ತದ. ಅಲ್ಲಿ ಹುಳ ಬದೀಕತದ. ಕಾಡೆಲ್ಲ ಮಾಡಕ್ಕ ನೀವು ಬುಡ್ಲಿಲ್ಲ. ದೇವ್ರ ತಾವಾದ್ರೂ ಮಾಡವ ಅಂತ ಮಾಡ್ದಿ.”

“ಬೀಗ ಇತ್ತಲ್ಲ ಅಜ್ಜಿ!”

“ಬೀಗ ನಿಂದು ಕನವ್ವ, ದೇವ್ರು ನಮ್ದು. ಹಿಂದ್ಗಡ ಹಂದಿ ತೋಡಿದ್ದ ಕಂಡಿ ಅದ. ನುಗ್ತಿದ್ನಿ.”

“ಹನ್ನೆರಡು ವರ್ಷವೂ?”

“ಹನ್ನೆರಡೂ ವರ್ಷ.”

ಇಂಚರಾ ಕಲ್ಲಿನ ಪಕ್ಕ ಕುಸಿದು ಕೂತಳು. ಎಲೆ ಉರಿದಾಗ ಅದರ ಸಾರಜನಕ ಹೊಗೆಯಾಗಿ ಹೋಗುತ್ತದೆ, ಇದನ್ನು ಅವಳು ಪಾಠ ಮಾಡುತ್ತಿದ್ದವಳು. ಯಾರೂ ಮುಟ್ಟಿಲ್ಲ ಎಂದು ನಂಬಿದ್ದ ನೆಲ ಪ್ರತಿ ಜನವರಿಯಲ್ಲೂ ಉರಿದಿತ್ತು. ಅದರ ಪಕ್ಕ ಇಟ್ಟು ಅಳೆದಾಗ ಚುರುಕು ಬಿದ್ದ ನೆಲ ಬಂಗಾರದಂತೆ ಕಂಡಿತ್ತು. ಗಜಕಡ್ಡಿಯೇ ಮೋಟಾಗಿದ್ದರೆ ಬಟ್ಟೆ ಉದ್ದವೇ ಕಾಣುತ್ತದೆ. ಸಾಲದ್ದಕ್ಕೆ ಅಳೆದದ್ದೂ ಪ್ರತಿ ವರ್ಷ ಮಾರ್ಚಿನಲ್ಲಿ, ಏಕೆಂದರೆ ವರದಿ ಮಾರ್ಚಿನೊಳಗೆ ಹೋಗಬೇಕಿತ್ತು. ಬೇರು ಎಚ್ಚರವಾಗುವ ಮೊದಲೇ ಬಡಿಸಿದ ಆ ಊಟವನ್ನು ಮೊದಲ ಮಳೆ ಹಳ್ಳಕ್ಕೆ ತೊಳೆದುಕೊಂಡು ಹೋಗುತ್ತಿತ್ತೇನೋ, ಜೂನಿನಲ್ಲಿ ಹೋಗಿ ನೋಡಿದವರಾರು? ಹತ್ತು ಜಿಲ್ಲೆ, ಕಾಯ್ದೆ, ಪದಕ ಎಲ್ಲವೂ ಈ ನಾಲ್ಕು ಎಕರೆಯ ಮೇಲೆ ನಿಂತಿದ್ದವು. ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ತಪ್ಪಿಸಿಕೊಳ್ಳಲು ಈ ಬೆಟ್ಟದಲ್ಲಿ ಉಳಿದ ಒಂದೇ ಜಾಗವೆಂದರೆ ತನ್ನ ತಪ್ಪಿನ ನಡುಮಧ್ಯ.

ಕತ್ತಲಾಗುವುದರೊಳಗೆ ಜನ, ಆಡು, ದನ, ನೀರಿನ ಬಿಂದಿಗೆ ಎಲ್ಲ ಬೇಲಿಯೊಳಗೆ ಬಂದವು. ಗಂಡಸರು ಹೆಂಗಸರೆನ್ನದೆ ಬೇಲಿಯ ಹೊರಗಿನ ತರಗನ್ನು ಇಪ್ಪತ್ತಡಿ ಅಗಲಕ್ಕೆ ಗೋರಿ ತೆಳ್ಳಗೆ ಮಾಡಿದರು.

ಬೆಳಕು ಹರಿಯುವಾಗ ಕೇತಮ್ಮ ಬಗ್ಗಿ ಎಲೆ ಮುಟ್ಟಿ ನೋಡಿದಳು. ಇಬ್ಬನಿ ಇತ್ತು. “ಈಗ ಹಚ್ಚಿ. ಗಾಳಿ ಆ ಕಡಿಂದ ಬತ್ತಾದ. ನಮ್ಮ ಬೆಂಕಿ ಅದಕ್ಕ ಎದುರಾಗಿ ನಡೀಬೇಕು. ಎದುರು ನಡಿಯೋ ಬೆಂಕಿ ಎಗರಲ್ಲ.”

ಪೋಡಿನ ಯಜಮಾನ ಜಡೆಗೌಡ ಪಂಜು ಹಿಡಿದು ಸುಮ್ಮನೆ ನಿಂತಿದ್ದ. ನಲವತ್ತರ ಗಂಡಸು, ತರಗು ಬೆಂಕಿಯನ್ನು ಎಂದೂ ಹಚ್ಚಿದವನಲ್ಲ. “ಏಳು ವರ್ಷ ಕನವ್ವ,” ಎಂದು ಇಂಚರಾಳಿಗೆ ಹೇಳಿದ. “ನಂಗ ಎರಡು ಹೆಣ್ಣು ಮಕ್ಕಳವ.”

“ಕೊಡಿ ಇಲ್ಲಿ,” ಎಂದು ಇಂಚರಾ ಪಂಜು ಕಸಿದುಕೊಂಡಳು. ಕೇತಮ್ಮ ಕೋಲಿನಿಂದ ತೋರಿಸಿದಲ್ಲೆಲ್ಲ ಮುಟ್ಟಿಸುತ್ತ ಹೋದಳು. ಬೆಂಕಿ ಗೇಣುದ್ದ ಎದ್ದು, ಹೊಗೆಯಾಡುತ್ತ, ಅವಸರವಿಲ್ಲದೆ ಬೇಲಿಯಿಂದ ದೂರ ನಡೆಯಿತು. ಅದರ ಹಿಂದೆ ಕಪ್ಪು ನೆಲ ಅಗಲವಾಗುತ್ತ ಬಂತು.

ಎಂಟೂವರೆಗೆ ದೊಡ್ಡ ಬೆಂಕಿ ಬಂತು. ಅದು ನಡೆದು ಬರಲಿಲ್ಲ, ಮರದೆತ್ತರಕ್ಕೆ ಎದ್ದು ಗರ್ಜಿಸುತ್ತ ಬಂತು. ಜನ ಒದ್ದೆ ಗೋಣಿ ಹೊದ್ದು ಕಲ್ಲಿನ ಸುತ್ತ ಮಲಗಿದರು. ತುಟಿ ಬಿರಿಯಿತು, ಆಡುಗಳು ಮನುಷ್ಯರ ಮೇಲೇ ಹತ್ತಿದವು, ತಂತಿಬೇಲಿ ಮುಟ್ಟಿದರೆ ಸುಡುವಷ್ಟು ಕಾದಿತು. ಕಪ್ಪು ಪಟ್ಟಿಯ ಹತ್ತಿರ ಬಂದು ತಿನ್ನಲು ಏನೂ ಸಿಗದೆ ಬೆಂಕಿ ಎರಡು ಕವಲಾಗಿ ಆಚೀಚೆ ಸರಿದುಹೋಯಿತು. ಮೂವತ್ತೇಳು ಮನೆಗಳಲ್ಲಿ ಒಂಬತ್ತು ಉಳಿದವು. ಜನ ಅಷ್ಟೂ ಉಳಿದರು.

ಸುತ್ತಲಿನ ನೆಲ ಕೆಂಡವಾಗಿದ್ದರಿಂದ ಎರಡು ದಿನ ಯಾರೂ ಬೇಲಿ ದಾಟುವಂತಿರಲಿಲ್ಲ, ಹೊಗೆಯಲ್ಲಿ ಹೆಲಿಕಾಪ್ಟರೂ ಇಳಿಯುವಂತಿರಲಿಲ್ಲ. ನಾಲ್ಕು ದಿಕ್ಕಿಗೂ ನಲವತ್ತು ವರ್ಷದ ಕಾಡು ಇದ್ದಿಲಾಗಿ ನಿಂತಿತ್ತು. ಎರಡನೆಯ ದಿನ ವಾಕಿಟಾಕಿಯಲ್ಲಿ ಇಂಚರಾ ನಡೆದದ್ದು ಹೇಳಿದ ಮೇಲೆ ನಿಶ್ಚಲ್‌ನ ದನಿ ಬಂತು.

“ಮೇಡಂ, ನೀವು ಹಚ್ಚಿದ್ದು ನಾನು ನೋಡಿಲ್ಲ, ಬರೆಯೋದೂ ಇಲ್ಲ. ನಿಮ್ಮ ನಿಯಂತ್ರಣ ತಾಕೂ ಸುಟ್ಟುಹೋಯಿತು ಅಂತ ಹಾಕ್ತೀನಿ, ಆಯ್ತಾ? ಹೊಸ ತಳಿ ಹತ್ತು ಜಿಲ್ಲೆಗೂ ಬೇಕು ಅಂತ ಮೇಲಿಂದ ಒತ್ತಡ. ಬೇಗ ಕಳಿಸಿಬಿಡಿ.”

ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸತ್ಯ ಹೇಳಿದರೆ ಹತ್ತು ಜಿಲ್ಲೆಗಳ ಕಾಡು ಮೊಣಕಾಲುದ್ದ ತರಗಿನಲ್ಲಿ ಕೂತಿರುತ್ತದೆ, ತಿನ್ನುವವರಿಲ್ಲ. ಸುಳ್ಳು ಹೇಳಿದರೆ ಹಿಟ್ಟು ಬೀಳುತ್ತದೆ, ತರಗು ಕರಗುತ್ತದೆ, ಇನ್ನೊಂದು ಹನ್ನೆರಡು ವರ್ಷಕ್ಕೆ ಇದೇ ಬೆಂಕಿ ಎಲ್ಲ ಕಡೆ. ಡಬ್ಬಿ ಅವಳ ಚೀಲದಲ್ಲೇ ಇತ್ತು.

“ನೀವು ಯಾಕೆ ಹೇಳಲಿಲ್ಲ ಅಜ್ಜಿ? ಒಂದು ಮಾತು ಹೇಳಿದ್ದರೆ!”

“ಮೂರು ಸಲ ನಿಮ್ಮ ಸಭಗ ಬಂದಿದ್ನಿ,” ಎಂದಳು ಕೇತಮ್ಮ. “ನಕ್ಷ ತೋರ್ಸಿದ್ರಿ, ಕೈಲೊಂದು ಕಡ್ಡಿ ಹಿಡ್ಕೊಂಡು ಮಾತಾಡಿದ್ರಿ. ಆಮ್ಯಾಕ ಅನ್ನ ಸಾರು ಹಾಕಿ ಕಳ್ಸಿದ್ರಿ. ಊಟ ಚೆನ್ನಾಗಿತ್ತು ಕನವ್ವ. ಕೇಳೋರೇ ಇರ್ಲಿಲ್ಲ.” ಕೋಲನ್ನು ಕಲ್ಲಿಗೆ ಒರಗಿಸಿ ಹೇಳಿದಳು. “ಈಗ ಬರಕೊ, ನನ್ನ ಹೆಸ್ರಲ್ಲೇ ಬರಕೊ. ನನ್ನ ಜೈಲ್ಲಿ ಎಷ್ಟ್ ವರ್ಷ ಮಡಗಾರು?”

ಇಂಚರಾ ಮುರಿದ ಕೊಂಬೆಯೊಂದನ್ನು ಎತ್ತಿ ನೋಡಿದಳು. ಬೇಲಿಯಾಚೆ ಅಷ್ಟೆಲ್ಲ ಉರಿದು ಎರಡೇ ದಿನ, ಗೆದ್ದಲು ಒಡೆದ ಸುರಂಗವನ್ನು ಆಗಲೇ ರಿಪೇರಿ ಮಾಡುತ್ತಿತ್ತು. ಈ ನಾಲ್ಕು ಎಕರೆಯ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ಬೆಟ್ಟಕ್ಕೆ ಹಂಚಬೇಕು. ಪ್ರತಿ ಜನವರಿಯಲ್ಲಿ ಹತ್ತು ಜಿಲ್ಲೆಗಳ ತರಗನ್ನು ಇಬ್ಬನಿ ನೋಡಿಕೊಂಡು ತುಂಡು ತುಂಡಾಗಿ ಸುಡಬೇಕು, ಸುಡಬಲ್ಲವರು ಕಲಿಸಬೇಕು. ನಲವತ್ತು ವರ್ಷವಾದರೂ ಬೇಕು. ಮುಗಿದದ್ದನ್ನು ನೋಡಲು ತಾನಿರುವುದಿಲ್ಲ ಎಂದು ಅವಳಿಗೆ ಸಂಕಟವಾಯಿತು. ಆಮೇಲೆ ವಾಕಿಟಾಕಿ ಎತ್ತಿಕೊಂಡಳು.

“ನಿಶ್ಚಲ್, ತಾಕು ಸುಟ್ಟಿಲ್ಲ, ಉಳಿದಿರೋದು ಅದೊಂದೇ. ಅಡ್ಡಬೆಂಕಿ ಹಚ್ಚಿದ್ದು ನಾನು. ಚುರುಕಿನ ಹಳೇ ಲೆಕ್ಕವೇ ತಪ್ಪು, ಹೊಸ ತಳಿ ಬರಲ್ಲ. ಇಷ್ಟನ್ನೂ ಹೀಗೇ ಬರೆದುಕೊಳ್ಳಿ.” ಡಬ್ಬಿಯ ಮುಚ್ಚಳ ತೆಗೆದು ಬೇಲಿಯಾಚೆಯ ಕೆಂಡಕ್ಕೆ ಸುರಿದಳು. ಹಿಟ್ಟು ಒಂದು ಕ್ಷಣ ಹಳದಿಯಾಗಿ ಉರಿದು ಹೋಯಿತು.

ಇದು ಇನ್ನೂ ಬಾರದ 2062ರ ಕತೆ. ಅಂದು ಎಪ್ಪತ್ತೆರಡಾಗಲಿರುವ ಕೇತಮ್ಮನಿಗೆ, ನೀವು ಇದನ್ನು ಓದುತ್ತಿರುವ ಈಗ, ಮೂವತ್ತೈದು ದಾಟಿದೆ. ಈ ಹೊತ್ತಿನಲ್ಲಿ ಯಾವುದೋ ಸಭೆಯ ಕೊನೆಯ ಸಾಲಿನಲ್ಲಿ, ಸೆರಗು ಹೊದ್ದು, ನೆಲದ ಮೇಲೆ ಕೂತಿರಬೇಕು. ಮುಂದೆ ಯಾರೋ ಕಾಡಿನ ನಕ್ಷೆ ತೋರಿಸುತ್ತಿದ್ದಾರೆ. ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ.