ಚೆಕ್‌ಪಾಯಿಂಟಿನಲ್ಲಿ ಆಡಿದ ಮಾತು

ಮೆಕ್ಸಿಕೋ ಗಡಿಗೆ ಹತ್ತಿರದ ಪಾಲೋ ಆಲ್ಟೊ ಯುದ್ಧಭೂಮಿಯಲ್ಲಿ ನೋಡುವುದಕ್ಕೆ ಮಹಾ ಏನೂ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಒರಟು ಹುಲ್ಲು, ನಡುವೆ ನಾಲ್ಕಾರು ಫಿರಂಗಿ. ಅಮೆರಿಕ, ಮೆಕ್ಸಿಕೋ ನೂರೆಂಬತ್ತು ವರ್ಷದ ಹಿಂದೆ ಕಾದಾಡಿದ ಜಾಗ. ಸುಮುಖ್ ಅದನ್ನೆಲ್ಲ ನೋಡಲು ಬಂದವನಲ್ಲ. ನಿಹಾರಿಕಾಳನ್ನು ನೋಡಲು ಬಂದಿದ್ದ.

ಹ್ಯೂಸ್ಟನ್ನಿನಲ್ಲಿ ಇತಿಹಾಸ ಓದುತ್ತಿದ್ದ ಆ ಮೈಸೂರು ಹುಡುಗಿಗೆ ಈ ಯುದ್ಧದ ಮೇಲೆ ಪೇಪರ್ ಬರೆಯುವುದಿತ್ತು, ಬರಲು ಕಾರಿರಲಿಲ್ಲ. ಆಸ್ಟಿನ್ನಿನ ದ ಡೊಮೇನ್ ಎಂಬ ಆಫೀಸು-ಅಂಗಡಿಗಳ ಬಡಾವಣೆಯಲ್ಲಿ ಕೆಲಸ ಮಾಡುವ ಸುಮುಖ್, ತನಗೂ ಚರಿತ್ರೆಯೆಂದರೆ ಪ್ರಾಣ ಎಂದು ರೈಲು ಬಿಟ್ಟು ಅವಳ ಡ್ರೈವರ್ ಆಗಿದ್ದ.

"ಯಾವ ಇಸವೀಲಿ ಆಯ್ತು ಈ ಯುದ್ಧ, ಹೇಳು ನೋಡೋಣ," ಅಂದಳು ಅವಳು, ಫಿರಂಗಿಯ ಪಕ್ಕ ನಿಂತು, ತುಟಿಯಂಚಿನಲ್ಲಿ ನಗು ಹಿಡಿದು.

ಅವಳ ಕೆನ್ನೆಗಂಟಿದ್ದ ಕೂದಲೆಳೆ ನೋಡುತ್ತಿದ್ದವನಿಗೆ ಇಸವಿ ಹಾಗಿರಲಿ, ತನ್ನ ಹೆಸರೇ ನೆನಪಿರಲಿಲ್ಲ. ವಾಪಸ್ಸು ಹೋಗುವಾಗ ಕಾರಿನಲ್ಲಿ ಮನಸ್ಸಿನಲ್ಲಿರುವುದನ್ನು ಹೇಳಿಯೇಬಿಡಬೇಕು ಎಂದುಕೊಂಡ.

ಗಡಿಯಿಂದ ಉತ್ತರಕ್ಕೆ ಹೋಗುವ ಕಾರುಗಳನ್ನು ಹೆದ್ದಾರಿಯಲ್ಲಿ ಗಡಿ ಪೊಲೀಸರು ತಡೆದು ಕಾಗದಪತ್ರ ನೋಡುತ್ತಾರೆ. ಸುಮುಖ್ ಪಾಸ್‌ಪೋರ್ಟ್ ಕೊಟ್ಟ. ನಿಹಾರಿಕಾ ಫೋನ್ ತೆಗೆದು ವೀಸಾದ ಫೋಟೊ ತೋರಿಸಿದಳು. ಮೈಸೂರಿನ ಟ್ರಾಫಿಕ್ ಪೊಲೀಸರಿಗೆ ಫೋನಿನಲ್ಲೇ ಲೈಸೆನ್ಸ್ ತೋರಿಸಿ ರೂಢಿ. ಒರಿಜಿನಲ್ ಎಲ್ಲಾದರೂ ಕಳೆದೀತೆಂದು ರೂಮಿನ ಸೂಟ್‌ಕೇಸಿನಲ್ಲಿ ಜೋಪಾನವಾಗಿಟ್ಟು ಬಂದಿದ್ದಳು. ಅಧಿಕಾರಿ ಕಾರನ್ನು ಪಕ್ಕಕ್ಕೆ ಹಾಕಿಸಿದ. ಇವಳು ನಿನಗೇನಾಗಬೇಕು ಎಂದು ಸುಮುಖ್‌ನನ್ನು ಕೇಳಿದ.

ಗ್ರೀನ್ ಕಾರ್ಡಿಗಾಗಿ ಏಳು ವರ್ಷದಿಂದ ಕಾಯುತ್ತಿದ್ದವನಿಗೆ ಅದೆಲ್ಲಿ ಕೈತಪ್ಪುತ್ತದೋ ಎಂದು ಭಯವಾಯಿತು. ಅಷ್ಟೇನೂ ಪರಿಚಯವಿಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಲಿಫ್ಟ್ ಕೇಳಿದ್ದಳು ಅಷ್ಟೇ, ಎಂದುಬಿಟ್ಟ. ಪಕ್ಕದಲ್ಲೇ ಕೂತಿದ್ದ ನಿಹಾರಿಕಾ ಒಮ್ಮೆ ತಿರುಗಿ ಅವನನ್ನು ನೋಡಿದಳು.

ಮುಕ್ಕಾಲು ಗಂಟೆಯಲ್ಲಿ ಅವಳ ವಿವರ ಕಂಪ್ಯೂಟರಿನಲ್ಲಿ ಸಿಕ್ಕಿತು, ಬುದ್ಧಿ ಹೇಳಿ ಕಳಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಸುಮುಖ್‌ಗೆ ದಾರಿಯುದ್ದಕ್ಕೂ ಅದೇ ಗತಿ. ಅವಳು ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳೋ, ಪೆಟ್ರೋಲ್ ಹಾಕಿಸಲು ನಿಂತಲ್ಲಿ ಎರಡು ಕಾಫಿ ತಂದು, ಅವನದಕ್ಕೆ ಅವನಿಗೆ ಬೇಕಾದಷ್ಟೇ ಸಕ್ಕರೆ ಹಾಕಿ ಕೈಗಿತ್ತಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹ್ಯೂಸ್ಟನ್ನಿನ ಹೊರವಲಯದ ಸೈಪ್ರೆಸ್‌ನಲ್ಲಿ ಅವಳು ಬಾಡಿಗೆಗಿದ್ದ ಶಕುಂತಲಾ ಆಂಟಿಯ ಮನೆ ಮುಂದೆ ಕಾರು ನಿಂತಾಗ ಇನ್ನೂ ಬಿಸಿಲಿತ್ತು.

"ಹೆದರಿಬಿಟ್ಟೆ ಕಣೆ," ಅಂದ ಅವನು ಸ್ಟೀರಿಂಗ್ ನೋಡುತ್ತ. "ನಿನ್ನ ಕೈಬಿಟ್ಟು ನನ್ನನ್ನ ಉಳಿಸ್ಕೊಂಡೆ. ನನ್ನ ಕಂಡ್ರೆ ನನಗೇ ಅಸಹ್ಯ ಆಗ್ತಿದೆ."

"ನಾನೂ ಹೆದರಿದ್ದೆ. ಪಕ್ಕದಲ್ಲಿ ನೀನಿದ್ದೀಯ ಅಂತ ಧೈರ್ಯ ಮಾಡಿ ಕೂತಿದ್ದೆ."

ಅವನ ಕಣ್ಣು ತುಂಬಿತು. ಬೆಳಗಿನಿಂದ ಗಂಟಲಲ್ಲಿದ್ದ ಮಾತನ್ನು ಹೇಳಲು ಬಾಯಿ ತೆರೆದ. ಅವಳು ಬೇಡವೆಂದು ತಲೆಯಾಡಿಸಿದಳು.

"ಏನು ಹೇಳೋಕೆ ಹೊರಟಿದ್ದೀಯ ಅಂತ ಗೊತ್ತು. ಇವತ್ತು ಬೇಡ ಸುಮುಖ್. ಇವತ್ತು ಹೇಳಿದ್ರೆ ಅದು ಕ್ಷಮೆ ಕೇಳಿದ ಹಾಗಿರುತ್ತೆ."

ಇಳಿದು, ಬಾಗಿಲು ಹಾಕುವ ಮುನ್ನ ಬಗ್ಗಿ ನೋಡಿದಳು. ನಗಲಿಲ್ಲ.

"ಮುಂದಿನ ಶನಿವಾರ ಊಟಕ್ಕೆ ಬಾ. ಇವರು ಯಾರು ಅಂತ ಆಂಟಿ ಕೇಳೇ ಕೇಳ್ತಾರೆ. ನಾನು ಸುಮ್ನಿರ್ತೀನಿ, ನೀನೇ ಹೇಳ್ಬೇಕು."

ಅವಳು ಒಳಗೆ ಹೋದ ಮೇಲೂ ಅವನು ಕಾರು ತೆಗೆಯಲಿಲ್ಲ. ಎದೆ ತುಂಬುವಷ್ಟು ಸಂತೋಷವಾಗಿತ್ತು. ಹಾಗೆ ಸಂತೋಷಪಡುತ್ತಿರುವುದಕ್ಕೆ ನಾಚಿಕೆಯೂ ಆಗುತ್ತಿತ್ತು.